ಅಜ್ಜಿಯ ತುಟಿಯ ಗೆರೆ

ನವೆಂಬರ್ ೧೮

ಪ್ರೀತಿಯ ಗುಬ್ಬಿ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೇನೆ, ಬೈಕೋ. ರಜೆಗೆ ಬಿಡುಗಡೆಯಾಗಬೇಕಾದ ಈ ಮಕ್ಕಳ ಕಾರ್ಟೂನ್ ಸಿನಿಮಾ ನನ್ನ ಜೀವ ಹಿಂಡುತ್ತಿದೆ. ನಿನ್ನ ಮಗಳ ಜ್ವರ ಇಳಿಯಿತಾ? ನನ್ನ ಮೊಣಕೈ ನೋವು ಹಾಗೇ ಇದೆ.

ಇಲ್ಲಿ ನಾವು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಚಿತ್ರ ಬಿಡಿಸುತ್ತೇವೆ. ಅದಕ್ಕೆ ಕಂಪ್ಯೂಟರಿನಲ್ಲಿ ಬೆಳಕು ಬಿಡುವವನು ಬೇರೆ. ಅವನಿಗೆ ನಾವು ಟಾರ್ಚ್ ಅಂತ ಹೆಸರಿಟ್ಟಿದ್ದೇವೆ. ಚಪ್ಪಟೆ ಕೆನ್ನೆಯ ಮೇಲೆ ದೀಪದ ಬೆಳಕು ಬಿದ್ದು ಗುಂಡಗಾಗುವುದು ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ಅವನ ಬೆಳಕಿಗೆ ಎಲ್ಲ ಗೆರೆಯೂ ಕೂಡಿರಬೇಕು. ಎಲ್ಲಾದರೂ ಕೂದಲೆಳೆಯಷ್ಟು ಸಂದಿಯಿದ್ದರೆ ಮುಖದ ಬೆಳಕು ಹಿಂದಿನ ಗೋಡೆಗೆಲ್ಲ ಚೆಲ್ಲುತ್ತದೆ. ನನ್ನ ಕೈಯೋ, ನಿನಗೆ ಗೊತ್ತಲ್ಲ, ಒಂದು ಗೆರೆಯನ್ನೂ ಪೂರ್ತಿ ಮುಚ್ಚುವುದಿಲ್ಲ.

"ಮೇಡಂ, ನಿಮ್ಮ ಅಜ್ಜಿ ಸೋರ್ತಾ ಇದಾರೆ," ಅಂದ ಟಾರ್ಚ್ ಮೊನ್ನೆ, ಸಿನಿಮಾಕ್ಕೆ ನಾನು ಬಿಡಿಸಿದ ಅಜ್ಜಿಯನ್ನು ನೋಡಿ. ಎಲ್ಲರೂ ನಕ್ಕರು.

"ಸೋರಿದ್ರೆ ಸೋರ್ಲಿ. ಅಜ್ಜಿ ಬಾಯಿಗೆ ಮಾತ್ರ ಕೈ ಹಾಕ್ಬೇಡ," ಅಂದೆ.

ಸಿನಿಮಾದ ಕೊನೆಯಲ್ಲಿ ಅಜ್ಜಿ ಬಾಗಿಲು ತೆರೆದು ಮೊಮ್ಮಕ್ಕಳನ್ನು ನೋಡುತ್ತಾಳೆ. ಅವಳು ನಮ್ಮ ಅಮ್ಮ. ಕೊನೆಯ ವರ್ಷ ಕಾಯಿಲೆಯಿಂದ ಅಮ್ಮನ ತುಟಿ ಎಡಗಡೆ ಕೂಡುತ್ತಿರಲಿಲ್ಲ ಅಂತ ಬರೆದಿದ್ದೆನಲ್ಲ, ಹಾಗೇ ಬಿಡಿಸಿದ್ದೆ. ಆ ಒಂದು ನೋಟಕ್ಕಾಗಿಯೇ ಈ ಕೆಲಸ ಒಪ್ಪಿಕೊಂಡದ್ದು.

ಇವತ್ತು ನೋಡಿದರೆ, ಸಂದಿಗಳನ್ನೆಲ್ಲ ಒಂದೇ ಏಟಿಗೆ ಮುಚ್ಚಲು ಕಂಪ್ಯೂಟರಿಗೆ ಹೇಳಿ ಪುಣ್ಯಾತ್ಮ ಊಟಕ್ಕೆ ಹೋಗಿದ್ದಾನೆ! ತುಟಿಯೂ ಮುಚ್ಚಿಹೋಗಿದೆ. ಮೈಯೆಲ್ಲ ಉರಿದುಹೋಯಿತು. ವಾಪಸ್ ಬಂದವನನ್ನು ಬಾಯಿಗೆ ಬಂದಂತೆ ಬೈದೆ. ಪಾಪ, ನೀರಿನ ಲೋಟ ಹಿಡಿದುಕೊಂಡು ನಿಂತೇ ಇದ್ದ. "ಹಳೇದು ಇದೆ ಮೇಡಂ, ಈಗ್ಲೇ ಹಾಕ್ತೀನಿ. ಬೆಳಕು ಬಿಟ್ಟಿದ್ದು ಒಂದ್ಸಲ ನೋಡ್ಬಿಡಿ," ಅಂದ. ನೋಡಿದೆ. "ಇರ್ಲಿ ಬಿಡು," ಅಂತ ಹೇಳಿ ಎದ್ದು ಬಂದೆ.

ತಲೆ ಕೆಟ್ಟುಹೋಗಿದೆ, ಅಕ್ಷರ ಸೊಟ್ಟಗಾಗಿದ್ದರೆ ಹೊಟ್ಟೆಗೆ ಹಾಕಿಕೋ. ಮಗಳಿಗೆ ನನ್ನ ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ ಅಕ್ಕ

ತಾ.ಕ.: ಯಾಕೆ ಬಿಟ್ಟೆ ಅಂತ ನೀನು ಕೇಳೇ ಕೇಳುತ್ತೀಯ. ಬೆಳಕು ಬಿದ್ದು, ಬಾಯಿ ಮುಚ್ಚಿದ ಆ ಮುಖ ಕಾಯಿಲೆಗೆ ಮುಂಚಿನ ಅಮ್ಮನದು, ಗುಬ್ಬಿ. ಗುರುತು ಹಿಡಿಯಲು ನನಗೇ ಒಂದು ಗಳಿಗೆ ಬೇಕಾಯಿತು. ಆ ವರ್ಷವೆಲ್ಲ ತುತ್ತು ಕೊಟ್ಟು ಬಾಯಿ ಒರೆಸಿದ ಈ ಕೈಗೆ ಬರುವುದು ಕಾಯಿಲೆಯ ಅಮ್ಮ ಒಬ್ಬಳೇ. ನೀನು ಆಗ ಇಲ್ಲಿರಲಿಲ್ಲ. ಅದಕ್ಕೇ ನಿನ್ನ ಹತ್ತಿರ ಆ ಮುಂಚಿನ ಅಮ್ಮ ಹಾಗೇ ಉಳಿದಿದ್ದಾಳೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು.