ಭಾರದ ಕೆಳಗಿನ ಮರದ ತುಂಡು

ಮಾರ್ಚ್ 4, ಮಂಗಳವಾರ

ಎರಡನೇ ವರ್ಷದವರಿಗೆ ಕ್ರೀಪ್ ಪ್ರಯೋಗ. ಪ್ರತಿ ವರ್ಷದ ಅದೇ ಪುರಾಣ. ಸೀಸದ ಪಟ್ಟಿಯ ಕೆಳಗೆ ತೂಕ ನೇತುಹಾಕಿ ಬಿಟ್ಟರೆ ಅದು ತನ್ನಷ್ಟಕ್ಕೆ ಉದ್ದವಾಗುತ್ತಾ ಹೋಗುತ್ತದೆ. ತೂಕ ಹೆಚ್ಚಿಸಬೇಕಿಲ್ಲ. ಕಾಯಬೇಕು, ಅಷ್ಟೇ. ಮೊದಲು ಬೇಗ ಹಿಗ್ಗುತ್ತದೆ, ಆಮೇಲೆ ತಿಂಗಳುಗಟ್ಟಲೆ ನಿಧಾನ, ಕೊನೆಗೆ ಮತ್ತೆ ಅವಸರ — ನಡು ಸಣ್ಣಗಾಗಿ ತುಂಡಾಗುತ್ತದೆ.

ಹಿಂದೆ ನಿಂತಿದ್ದವನೊಬ್ಬ ಕೇಳಿದ, "ಮೇಡಂ, ಇದು ಸೆಮಿಸ್ಟರ್ ಮುಗಿಯೋದ್ರೊಳಗೆ ಮುರಿಯತ್ತಾ?"

"ನೀನು ಪಾಸಾಗೋದ್ರೊಳಗೆ ಖಂಡಿತ ಮುರಿಯತ್ತೆ."

ಎಲ್ಲರೂ ನಕ್ಕರು. ಅವನೂ.

ಮೂಲೆಯ ಯಂತ್ರವನ್ನು ಮಾತ್ರ ಯಾರಿಗೂ ಮುಟ್ಟಲು ಬಿಡಲಿಲ್ಲ. ಅದರಲ್ಲಿರುವುದು ಅಪ್ಪ ಹಾಕಿದ ಪಟ್ಟಿ. ನನಗಿಂತ ಮೊದಲು ಈ ಲ್ಯಾಬ್ ಅವರದೇ. ನಿವೃತ್ತರಾದ ಮೇಲೂ ಬಂದು ಕೈಯಾಡಿಸದಿದ್ದರೆ ಸಮಾಧಾನವಿರಲಿಲ್ಲ. ಕಳೆದ ವರ್ಷ ಈ ಪಟ್ಟಿಗೆ ತೂಕ ಹಾಕಿ, ಕೈ ಒರೆಸಿಕೊಳ್ಳುತ್ತಾ ಅಲ್ಲೇ ಕುಸಿದರು. ಪಾರ್ಶ್ವವಾಯು. ಅವತ್ತಿನಿಂದ ಆಸ್ಪತ್ರೆ.

ಮಾರ್ಚ್ 11

ಹಗಲು ಅಣ್ಣ, ಸಂಜೆ ನಾನು. ಅಪ್ಪನ ಮಾತು ಇನ್ನೂ ತೊದಲು. ಇವತ್ತು ಮಾತ್ರ ಒಂದು ವಾಕ್ಯ ಪೂರ್ತಿ ಬಂತು. ಕ್ಲಾಸಿನಲ್ಲಿ ಹೇಳುತ್ತಿದ್ದದ್ದೇ. "ಎಷ್ಟು ಭಾರ ಅಂತ ಕೇಳ್ಬೇಡ ಮರಿ. ಎಷ್ಟು ಹೊತ್ತಿಂದ ಅಂತ ಕೇಳು."

ಮಾರ್ಚ್ 20

ಲ್ಯಾಬಿನ ಎಸಿ ಕೆಟ್ಟು ಮೂರು ದಿನ. ಒಲೆಯ ಮುಂದೆ ಕೂತ ಹಾಗಿದೆ. ಸೆಕೆಗೆ ಸೀಸ ಇನ್ನೂ ಬೇಗ ಜಗ್ಗುತ್ತದೆ. ಅಪ್ಪನ ಪಟ್ಟಿಯ ಹಿಗ್ಗು ಅಳೆಯುವ ಡಯಲ್ ಮುಳ್ಳು ಓಡುತ್ತಿದೆ, ನಡು ಸಣ್ಣಗಾಗಿದೆ. ಕೊನೆಯ ಹಂತ.

ಅಪ್ಪನಿಗೂ ಮೂರು ದಿನದಿಂದ ಜ್ವರ. ಉಸಿರು ಸರಿಯಿಲ್ಲ. ಡಾಕ್ಟರು ಅಣ್ಣನನ್ನು ಹೊರಗೆ ಕರೆದು ಮಾತಾಡಿದರಂತೆ.

ಕಾಕತಾಳೀಯ. ವಿದ್ಯಾರ್ಥಿ ಯಾರಾದರೂ ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಮಾರ್ಚ್ 21

ಇಟ್ಟುಬಿಟ್ಟೆ. ಪ್ಯಾಕಿಂಗ್ ಡಬ್ಬದಿಂದ ಒಂದು ಚೌಕದ ಮರದ ತುಂಡು ತೆಗೆದು ತೂಕದ ಕೆಳಗೆ ಕೊಟ್ಟೆ. ಭಾರವೆಲ್ಲ ಮರದ ಮೇಲೆ, ಪಟ್ಟಿ ಹಗುರ. ಮುಳ್ಳು ಕೂದಲೆಳೆಯಷ್ಟು ಹಿಂದೆ ಬಂತು. ಬರಲೇಬೇಕು — ಭಾರ ಇಳಿಸಿದರೆ ಲೋಹ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಪುಸ್ತಕದಲ್ಲೇ ಇದೆ. ಹೆದರುವಂಥದ್ದೇನಿಲ್ಲ.

ಸಂಜೆ ಜ್ವರ ಬಿಟ್ಟಿತ್ತು. ಅಪ್ಪ ನನ್ನ ಬೆರಳು ಹಿಡಿದುಕೊಂಡರು. ಬಾತ್‌ರೂಮಿಗೆ ಹೋಗಿ ಮನಸಾರೆ ಅತ್ತೆ.

ಮಾರ್ಚ್ 29

ಡಾಕ್ಟರು ಸ್ಟೇಬಲ್ ಅನ್ನುತ್ತಾರೆ. ಅಣ್ಣನ ಮುಖದಲ್ಲಿ ಕಳೆ ಬಂದಿದೆ. "ನೋಡ್ದಾ, ಅಪ್ಪ ಅಷ್ಟು ಸುಲಭಕ್ಕೆ ಜಗ್ಗೋ ಆಸಾಮಿ ಅಲ್ಲ." ನಗಬೇಕಿತ್ತು. ಆಗಲಿಲ್ಲ.

ಅಪ್ಪ ನಿದ್ದೆ ಮಾಡುತ್ತಿಲ್ಲ. ಜ್ವರ ಬಿಟ್ಟ ದಿನದಿಂದ ಒಂದು ಜೊಂಪೂ ಇಲ್ಲ. ಹಸಿವಿಲ್ಲ, ನೋವಿಲ್ಲ, ಗಡ್ಡ ಸಹ ಬೆಳೆದಿಲ್ಲ. ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಾ ಮಲಗಿರುತ್ತಾರೆ... ಜ್ವರ ಇದ್ದಾಗಲೇ ಹೆಚ್ಚು ಜೀವಂತವಾಗಿದ್ದರು ಅನ್ನಿಸುತ್ತದೆ. ಎಂಥ ಮಾತು ಬರೆದೆ.

ಏಪ್ರಿಲ್ 3

ನರ್ಸಮ್ಮ ಗೊಣಗುತ್ತಿದ್ದರು. "ಬೆನ್ನ ಕೆಳಗೆ ಏನೋ ಒತ್ತುತ್ತೆ ಅಂತಾರಮ್ಮ. ಹಾಸಿಗೆ ಬದಲಾಯ್ಸಿದ್ವಿ, ಶೀಟ್ ಕೊಡವಿದ್ವಿ. ಏನೂ ಇಲ್ಲ. ನೀವೇ ನೋಡಿ."

ಇಬ್ಬರೂ ಸೇರಿ ಅಪ್ಪನನ್ನು ಮಗ್ಗುಲಿಗೆ ತಿರುಗಿಸಿದೆವು. ಬೆನ್ನ ಮೇಲೆ ಕೆಂಪು ಗುರುತು. ಚೌಕ. ಮೂಲೆಗಳು ನೇರ, ಒಂದು ಅಂಚು ಮಾತ್ರ ಚೂರು ಸೀಳಿದಂತೆ.

ಲ್ಯಾಬಿಗೆ ವಾಪಸ್ ಬಂದು ಬಗ್ಗಿ ನೋಡಿದೆ. ಮರದ ತುಂಡಿನ ಒಂದು ಅಂಚು ಸೀಳಿದೆ.

ತೆಗೆಯಲಿಲ್ಲ.

ಏಪ್ರಿಲ್ 16

ಇಷ್ಟು ದಿನ ಬರೆಯಲಿಲ್ಲ. ಬರೆದರೆ ನಿಜವಾಗುತ್ತದೆ ಅನ್ನುವ ಭಯ.

ಇವತ್ತು ಅಪ್ಪ ನನ್ನತ್ತ ಮುಖ ತಿರುಗಿಸಿದರು. ತೊದಲದೆ, ಕ್ಲಾಸಿನಲ್ಲಿ ಮಾತಾಡಿದ ಹಾಗೆ ಹೇಳಿದರು. "ಆ ಮರ ತೆಗಿ ಮರಿ."

"ಯಾವ ಮರ ಅಪ್ಪಾ?"

"ನೀನು ಇಟ್ಟಿದ್ದು." ಆಮೇಲೆ, "ನಂಗೆ ನಿದ್ದೆ ಮಾಡ್ಬೇಕು."

ಮರದ ತುಂಡಿನ ವಿಷಯ ನಾನು ಯಾರಿಗೂ ಹೇಳಿಲ್ಲ. ಅಣ್ಣನಿಗೂ.

ಏಪ್ರಿಲ್ 17, ಬೆಳಿಗ್ಗೆ, ಲ್ಯಾಬ್

ಕ್ಲಾಸಿಗೆ ಇನ್ನೂ ಹೊತ್ತಿದೆ. ಬಾಗಿಲು ಒಳಗಿನಿಂದ ಹಾಕಿಕೊಂಡಿದ್ದೇನೆ. ಅಣ್ಣನಿಗೆ ಫೋನ್ ಮಾಡಿದೆ, ಅಪ್ಪನ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತಿರು ಎಂದು.

"ಯಾಕೆ, ಏನಾಯ್ತು?"

"ಏನಿಲ್ಲ. ಕೂತ್ಕೋ. ಫೋನ್ ಇಡಬೇಡ."

ಅಪ್ಪ ಹೋಗುವುದು ನನಗೆ ಬೇಡ. ಸ್ಪಷ್ಟವಾಗಿ ಬರೆದಿಡುತ್ತೇನೆ — ಬೇಡ. ಆದರೆ ಆ ಕಣ್ಣುಗಳನ್ನು ಇನ್ನೊಂದು ಸಂಜೆ ನೋಡಲಾರೆ.

ತೆಗೆದೆ.

ಪಟ್ಟಿ ಸಣ್ಣಗೆ ನಡುಗಿತು, ತಡೆದುಕೊಂಡಿತು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ ಫೋನಿನಲ್ಲಿ ಅಣ್ಣನ ಪಿಸುಮಾತು: "ಏಯ್, ಅಪ್ಪ ಕಣ್ಣು ಮುಚ್ಚಿದ್ರು ಕಣೇ. ನಿದ್ದೆ ಬಂತು. ಗೊರಕೆ ಹೊಡೀತಿದಾರೆ, ಕೇಳಿಸ್ತಿದ್ಯಾ?" ಅವನ ದನಿಯಲ್ಲಿ ಎಷ್ಟು ಖುಷಿ.

ಕೇಳಿಸುತ್ತಿದೆ. ಚಿಕ್ಕಂದಿನಲ್ಲಿ ಪಕ್ಕದ ಕೋಣೆಯಿಂದ ಬರುತ್ತಿದ್ದ ಅದೇ ಗೊರಕೆ. ಮುಳ್ಳು ಓಡುತ್ತಿದೆ. ಪಟ್ಟಿಯ ನಡು ನೋಡುನೋಡುತ್ತಾ ತೆಳ್ಳಗಾಗುತ್ತಿದೆ. ಹುಡುಗರು ಬಂದು ಬಾಗಿಲು ಬಡಿಯುತ್ತಿದ್ದಾರೆ. ಮರದ ತುಂಡು ಎಡಗೈಯಲ್ಲೇ ಇದೆ, ಒಂದು ಬದಿ ಮೈಗೆ ಒತ್ತಿಕೊಂಡಿದ್ದ ಹಾಗೆ ಬೆಚ್ಚಗಿದೆ. ಈಗಲೂ ಬಗ್ಗಿ ಮತ್ತೆ ಇಡಬಹುದು. ಗೊರಕೆ ನಿಧಾನವಾಗುತ್ತಿದೆ... ಇಡಬಹುದು, ಇನ್ನೂ ಸಮಯ —