ಯುರೋಪಿಗೆ ಮೆಷಿನ್ ಹೊಲಿಗೆ ಹಾಕಿಸಿದ ಕುಲಪತಿಗಳಿಗೆ

ಮಾನ್ಯ ಕುಲಪತಿಗಳೇ,

ನನ್ನ ಅಕ್ಕನಿಗೆ ನೀವು ಮಾಡಿದ ಗೌರವದ ವಿರುದ್ಧ ಈ ದೂರು. ನಿಮ್ಮ ಯುರೋಪ್ ಅಧ್ಯಯನ ಕೇಂದ್ರದ ಹೊಸ ಕಟ್ಟಡದಲ್ಲಿ, ಲಿಫ್ಟಿನ ಎದುರು, ಗಾಜಿನ ಹಿಂದೆ ಒಂದು ಬಟ್ಟೆಯ ನಕ್ಷೆ ತೂಗುಹಾಕಿದ್ದೀರಷ್ಟೆ? ಅದರ ಗಡಿಗಳಿಗೆಲ್ಲ ಚಿನ್ನದ ಬಣ್ಣದ ದಾರದಲ್ಲಿ ಮೆಷಿನ್ ಹೊಲಿಗೆ ಹಾಕಿಸಿ, ಆ ಕೇಂದ್ರದ ಕತೆಯನ್ನೇ ಮುಗಿಸಿದ್ದೀರಿ.

ಟೈಲರೊಬ್ಬ ಕುಲಪತಿಗಳಿಗೆ ಪಾಠ ಹೇಳುವುದೇ ಎಂದು ಹುಬ್ಬೇರಿಸಬೇಡಿ. ಆ ಕೇಂದ್ರ ಹುಟ್ಟಿದ್ದು ನನ್ನ ಅಂಗಡಿಯ ಕಟಿಂಗ್ ಟೇಬಲ್ ಮೇಲೆ. ಅಕ್ಕ ಆಗ ನಿಮ್ಮಲ್ಲಿ ಇತಿಹಾಸದ ಮೇಡಂ. ಯುರೋಪಿನ ಪಾಠಕ್ಕೊಂದು ನಕ್ಷೆ ಕೊಡಿಸಿ ಎಂದು ಕಚೇರಿಗೆ ಅಲೆದು ಅಲೆದು ಸೋತು, ಒಂದು ಸಂಜೆ ಅಮ್ಮನ ಹಳೆಯ ಬಿಳಿ ಹೊದಿಕೆ ಹಿಡಿದು ಬಂದಳು. ಅವಳು ಚಾಕಿನಲ್ಲಿ ಗೆರೆ ಎಳೆದಳು. ನಾನು ಸಮುದ್ರತೀರಕ್ಕೆಲ್ಲ ಗಟ್ಟಿ ಹೊಲಿಗೆ ಹಾಕಿದೆ. ದೇಶಗಳ ಗಡಿಗೆ ಬಂದಾಗ ನನ್ನ ಕೈ ಹಿಡಿದುಕೊಂಡಳು.

"ಇಲ್ಲಿ ಕಚ್ಚಾ ಹೊಲಿಗೆ ಸಾಕು ಕಣೋ. ಎಳೆದ್ರೆ ಬರೋ ಹಾಗಿರ್ಲಿ, ಆಮೇಲೆ ಬಿಚ್ಚೋದಿರುತ್ತೆ."

"ದೇಶಾನೂ ಆಲ್ಟರೇಶನ್‌ಗೆ ಬರುತ್ತಾ?"

"ಬರ್ದೆ ಏನು. ನಿನ್ನ ಗಿರಾಕಿಗಳಿಗಿಂತ ಜಾಸ್ತಿ."

ಬಂದವು. ಎರಡು ಜರ್ಮನಿ ಒಂದಾದಾಗ ವಿದ್ಯಾರ್ಥಿಗಳು ತರಗತಿಯಲ್ಲೇ ಕೂತು ನಡುವಿನ ದಾರ ಎಳೆದು ತೆಗೆದರು. ಮತ್ತೊಂದು ದೇಶ ಒಡೆದಾಗ ಸೂಜಿಗೆ ಹೊಸ ದಾರ ಪೋಣಿಸಿದರು. ಯಾಕೆ ಒಡೆಯಿತು, ಯಾರ ಮನೆ ಎತ್ತ ಹೋಯಿತು ಎಂದು ಸೂಜಿ ಹಿಡಿದೇ ಜಗಳವಾಡುತ್ತಿದ್ದರು. ಆ ಜಗಳ ಕೇಳಲು ಬೇರೆ ವಿಭಾಗದವರೂ ಬಂದು ಕೂರತೊಡಗಿದರು. ಕೊನೆಗೆ ಅದಕ್ಕೊಂದು ಕೋಣೆ, ಕೋಣೆಗೊಂದು ಬೋರ್ಡು ಸಿಕ್ಕಿತು. ಕೇಂದ್ರ ಹುಟ್ಟಿದ್ದು 'ಸುದೀರ್ಘ ಸಮಾಲೋಚನೆಯ ಫಲವಾಗಿ' ಎಂದು ನಿಮ್ಮ ಕೈಪಿಡಿ ಹೇಳುತ್ತದೆ. ಸಮಾಲೋಚನೆಯಲ್ಲ ಸ್ವಾಮಿ, ಜಗಳ.

ಉದ್ಘಾಟನೆಗೆ ಅಕ್ಕನನ್ನು ಕಾರು ಕಳಿಸಿ ಕರೆಸಿಕೊಂಡಿರಿ. ಈಗ ಅವಳಿಗೆ ಕಣ್ಣು ಮಂಜು, ಕೈ ಹಿಡಿದು ನಡೆಸಲು ನಾನೂ ಬಂದಿದ್ದೆ. ಗಾಜು ಮುಚ್ಚುವ ಮೊದಲು ತನ್ನ ಆ ಹಳೆಯ ನಕ್ಷೆಯ ಮೇಲೆ ಕೈಯಾಡಿಸಿದಳು. ಒಂದು ಗಡಿಯ ಮೇಲೆ ಬೆರಳು ನಿಂತುಬಿಟ್ಟಿತು. "ಇನ್ನು ನೂರು ವರ್ಷ ಅಲುಗಾಡಲ್ಲ ಮೇಡಂ" ಎಂದಿರಿ ನೀವು, ಪಕ್ಕದಲ್ಲೇ ನಿಂತು. ವಾಪಸ್ಸು ಬರುವಾಗ ಕಾರಿನಲ್ಲಿ ನನ್ನನ್ನು ಕೇಳಿದಳು:

"ಅದನ್ನ ಬಿಚ್ಚೋಕಾಗುತ್ತೇನೋ?"

"ಆಗುತ್ತೆ ಅಕ್ಕ" ಅಂದೆ. ಶುದ್ಧ ಸುಳ್ಳು. ಸವೆದ ಬಟ್ಟೆಗೆ ಅಷ್ಟು ಒತ್ತಾದ ಹೊಲಿಗೆ ಬಿದ್ದ ಮೇಲೆ, ಬಿಚ್ಚಲು ಹೋದರೆ ದಾರದ ಜೊತೆ ಬಟ್ಟೆಯೂ ಬರುತ್ತದೆ. ನಾನು ಸುಳ್ಳು ಹೇಳಿದರೆ ಅವಳಿಗೆ ಚಿಕ್ಕಂದಿನಿಂದಲೂ ತಿಳಿಯುತ್ತದೆ. ಪ್ರತಿ ಬೆಳಿಗ್ಗೆ ನನ್ನ ಕೈಲಿ ವಿದೇಶದ ಸುದ್ದಿ ಓದಿಸಿ ಕೇಳುತ್ತಿದ್ದವಳು, ಆ ದಿನದಿಂದ ಪೇಪರ್ ಎಲ್ಲಿ ಎಂದೂ ಕೇಳಿಲ್ಲ. ನಾಳೆ ಅಲ್ಲೊಂದು ಗಡಿ ಸರಿದರೆ ನಿಮ್ಮ ವಿದ್ಯಾರ್ಥಿಗಳು ಏನು ಮಾಡಬೇಕು, ಗಾಜು ಒರೆಸಬೇಕೇ?

ನಕ್ಷೆಯನ್ನು ಮೊದಲಿನಂತೆ ಮಾಡಿಕೊಡಿ ಎಂದು ನಾನು ಕೇಳುತ್ತಿಲ್ಲ. ಅದು ಆಗದ ಮಾತು. ಅದರ ಕೆಳಗೆ 'ಸಂಸ್ಥಾಪಕಿ' ಎಂದು ನನ್ನ ಅಕ್ಕನ ಹೆಸರನ್ನು ಅದೇ ದಾರದಲ್ಲಿ, ಅದೇ ಮೆಷಿನ್ನಿನಲ್ಲಿ ಹೊಲಿಸಿದ್ದೀರಲ್ಲ, ಅದನ್ನು ಬಿಚ್ಚಿಸಿ. ಬಟ್ಟೆ ಹರಿಯುತ್ತದೆ, ಗೊತ್ತು. ಹರಿಯಲಿ.

ಇಂತಿ,
ಬಿಚ್ಚುವ ಕೆಲಸವೂ ಕೈತಪ್ಪಿದ,
ಮೇಡಂ ತಮ್ಮ, ಟೈಲರ್