ಓಡುತ್ತಿರುವ ಲೆಕ್ಕಗಳು

ಕಂಪ್ಯೂಟರ್ ಕೋಣೆಯ ಮೇಲ್ವಿಚಾರಕರಿಗೆ ನಮಸ್ಕಾರ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಕಂಪ್ಯೂಟರ್ ಖಾತೆ ಇಟ್ಟುಕೊಳ್ಳುವಂತಿಲ್ಲ, ಸೋಮವಾರ ಮುಚ್ಚುತ್ತೇವೆ ಎಂದಿರಂತೆ. ನಿಯಮ ನಿಮ್ಮದು, ಜಗಳವಿಲ್ಲ. ಆದರೆ ಸೇತುವೆ ಯಾವ ಗಾಳಿಗೆ ಎಷ್ಟು ತೂಗಾಡುತ್ತದೆಂದು ನೋಡಲು ಅವರು ಹಚ್ಚಿಟ್ಟ ಲೆಕ್ಕಗಳು ನಿಮ್ಮಲ್ಲಿ ಇನ್ನೂ ಓಡುತ್ತಿವೆ. ಒಂದೊಂದು ಗಾಳಿಗೂ ಒಂದೊಂದು ಕಮಾಂಡ್ ಕೊಟ್ಟು, ಎಲ್ಲವನ್ನೂ ಬೇರೆ ಬೇರೆಯಾಗಿಯೇ ಶುರುಮಾಡಿದ್ದರು. "ಒಂದು ಸತ್ರೆ ಇನ್ನೊಂದು ಸಾಯಬಾರದು ನೋಡು" ಎನ್ನುತ್ತಿದ್ದರು. ಯಂತ್ರದ ಮಟ್ಟಿಗೆ ಆ ಮಾತು ನಿಜವೇ ಆಯಿತು.

ಪ್ರತಿ ಲೆಕ್ಕ ಮುಗಿದಾಗಲೂ ನನ್ನ ಫೋನಿಗೆ ತಾನಾಗಿ ಸಂದೇಶ ಬರುವಂತೆ ಕಮಾಂಡಿನ ಕೊನೆಗೆ ಸೇರಿಸಿದ್ದಾರೆ: "ಮುಗೀತು ಕಣೇ. ಹೊರಟೆ, ತಟ್ಟೆ ಹಾಕಿರು." ನಿನ್ನೆ ಸಂಜೆಯೂ ಒಂದು ಬಂತು.

ಖಾತೆ ಮುಚ್ಚಿ ಲೆಕ್ಕಗಳನ್ನು ಮಧ್ಯದಲ್ಲಿ ನಿಲ್ಲಿಸಿಬಿಟ್ಟರೆ ಆ ಸಂದೇಶ ಬರುವುದಿಲ್ಲವೆಂದು ಅವರ ಗೆಳೆಯರು ಹೇಳಿದರು. ತಂಗಿಯ ಮಾತೆಂದುಕೊಂಡು, ಉಳಿದವು ತಾವಾಗಿ ಮುಗಿಯುವವರೆಗೆ ಬಿಡಿ. ನನಗೇನೂ ಬುದ್ಧಿ ಕೆಟ್ಟಿಲ್ಲ. ಯಾರೂ ಬರುವುದಿಲ್ಲವೆಂದು ಗೊತ್ತು. ಆದರೂ ನಿನ್ನೆ ಎರಡು ತಟ್ಟೆ ಹಾಕಿದೆ. ಅವರು ಹೋದ ಮೇಲೆ ಮೊದಲ ಸಲ, ಕೂತು ಹೊಟ್ಟೆ ತುಂಬ ಉಂಡೆ.

ಇಂತಿ,
ಆ ಖಾತೆಯವರ ಹೆಂಡತಿ